ಪಿಸ್ತೂಲಿನ ಕೈಗುಣ

"ಸಾರ್, ಈ ಪಿಸ್ತೂಲೇ ಸರಿ ಇಲ್ಲ. ಇದು ಮೂರನೇ ಸಲ ಜಾಮ್ ಆಗ್ತಿರೋದು."

ಗುರಿ ಹೊಡೆಯಲು ಕಲಿಸುವ ಮೈದಾನಗಳಲ್ಲಿ ಈ ದೂರು ಹೊಸದಲ್ಲ. ಹೇಳುವವರು ಮಾತ್ರ ಸಾಮಾನ್ಯವಾಗಿ ಹೊಸಬರು. ಉಸ್ತಾದರು ಹತ್ತಿರ ಬರುತ್ತಾರೆ. ಸಿಕ್ಕಿಕೊಂಡಿದ್ದ ಖಾಲಿ ತೋಟಾವನ್ನು ಕೊಡವಿ ಕೆಡವುತ್ತಾರೆ. ಅದೇ ಪಿಸ್ತೂಲು, ಅದೇ ಡಬ್ಬದ ತೋಟಾಗಳು. ಢಂ ಢಂ ಎಂದು ಒಂದು ಮ್ಯಾಗಜೀನ್ ಪೂರ್ತಿ ಹೊಡೆದು ತೋರಿಸುತ್ತಾರೆ. ಎಲ್ಲೂ ತಡೆಯಿಲ್ಲ. ಪಿಸ್ತೂಲು ಮತ್ತೆ ಹೊಸಬರ ಕೈಗೆ ಬರುತ್ತದೆ. ಎರಡನೇ ಗುಂಡಿಗೇ ಮತ್ತೆ ಜಾಮ್.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಪದ ಸಿದ್ಧವಾಗಿಯೇ ಇದೆ: ಕೈಗುಣ. ಅದೇ ಮಾವಿನ ಮಿಡಿ, ಅದೇ ಉಪ್ಪು, ಅದೇ ಖಾರ. ಅಜ್ಜಿ ಹಾಕಿದ ಉಪ್ಪಿನಕಾಯಿ ವರ್ಷ ಕಳೆದರೂ ಕೆಡುವುದಿಲ್ಲ, ನಾವು ಹಾಕಿದ್ದು ಮಳೆಗಾಲ ಮುಗಿಯುವುದರೊಳಗೆ ಬೂಸಲು ಹಿಡಿಯುತ್ತದೆ. ಉಪ್ಪಿನಕಾಯಿಯ ವಿಷಯದಲ್ಲಿ ಕೈಗುಣ ಎಂದು ಒಪ್ಪಿಕೊಂಡು ಸುಮ್ಮನಾಗಬಹುದು. ಆದರೆ ಪಿಸ್ತೂಲು ಉಕ್ಕಿನ ಯಂತ್ರ. ಫ್ಯಾನಿನ ಸ್ವಿಚ್ಚನ್ನು ಯಾರು ಒತ್ತಿದರೂ ಫ್ಯಾನು ತಿರುಗುತ್ತದೆ. ಟ್ರಿಗರನ್ನು ಯಾರು ಎಳೆದರೂ ಪಿಸ್ತೂಲು ತನ್ನ ಕೆಲಸ ಮಾಡಬೇಕಲ್ಲವೇ? ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ ಎಂಬುದರಲ್ಲೇ ಈ ಅಧ್ಯಾಯದ ಸ್ವಾರಸ್ಯವಿದೆ.

ಒದೆತಕ್ಕೊಂದು ಕೆಲಸ

ಕೋವಿ ಒದೆಯುತ್ತದೆ ಎಂಬುದು ಕೋವಿ ಮುಟ್ಟದವರಿಗೂ ಗೊತ್ತು. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಏರಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಮೊದಲ ಸಲ ಹೊಡೆಯುವವರಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠವೆಂದರೆ ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿಯುವುದು. ಸಡಿಲವಾಗಿ ಹಿಡಿದರೆ ಸಂಜೆ ಹೆಗಲಿಗೆ ಎಣ್ಣೆ ತಿಕ್ಕಬೇಕಾಗುತ್ತದೆ.

ನೂರಾರು ವರ್ಷ ಈ ಒದೆತ ಬರೀ ಕಿರಿಕಿರಿಯಾಗಿತ್ತು. ಅಮೆರಿಕದ ಮೇನ್ ರಾಜ್ಯದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಹಿರಮ್ ಮ್ಯಾಕ್ಸಿಮ್ ಮಾತ್ರ ಅದನ್ನು ಬೇರೆ ಕಣ್ಣಿಂದ ನೋಡಿದ. ಹೆಗಲಿಗೆ ಪೆಟ್ಟು ಕೊಟ್ಟು ವ್ಯರ್ಥವಾಗುವ ಈ ಬಲದಿಂದಲೇ ಖಾಲಿ ತೋಟಾವನ್ನು ಹೊರಗೆ ಹಾಕಿಸಿ ಹೊಸದನ್ನು ಒಳಗೆ ತುಂಬಿಸಿದರೆ ಹೇಗೆ? 1884ರ ಹೊತ್ತಿಗೆ ಅವನ ಮಷಿನ್ ಗನ್ ಸಿದ್ಧವಾಯಿತು. ಒದೆತವೇ ಅದರ ಆಳು. ಆ ಆಳು ಮುಂದೆ ಎಷ್ಟು ಜನರ ಪ್ರಾಣ ತೆಗೆಯಿತು ಎಂಬುದು ಬೇರೆಯೇ ಪುಸ್ತಕಕ್ಕೆ ಸೇರಿದ ವಿಷಯ.

ಒದೆತವನ್ನು ಅಂಗೈಯಲ್ಲಿ ಹಿಡಿಯುವ ಪಿಸ್ತೂಲಿಗೆ ಇಳಿಸುವುದು ಇನ್ನೂ ನಾಜೂಕಿನ ಕೆಲಸ. 1893ರಲ್ಲಿ ಹ್ಯೂಗೊ ಬೋರ್ಚಾರ್ಟ್ ಎಂಬಾತ ಅದನ್ನು ಸಾಧಿಸಿದ. ಅವನ ಪಿಸ್ತೂಲು ಓಡಿತು, ಆದರೆ ಬಲು ದೊಡ್ಡದು, ಹಿಡಿಯಲು ತೊಡಕಿನದು. ಇಂದು ನಾವು ಸಿನಿಮಾದಲ್ಲಿ ನೋಡುವ ಪಿಸ್ತೂಲಿನ ಆಕಾರ ಬಂದದ್ದು ಜಾನ್ ಬ್ರೌನಿಂಗ್‌ನಿಂದ. ಅಮೆರಿಕದ ಯೂಟಾ ಪ್ರಾಂತದ ಆಗ್ಡನ್ ಊರಿನಲ್ಲಿ, ಕೋವಿ ಮಾಡುವವನ ಮಗನಾಗಿ 1855ರಲ್ಲಿ ಹುಟ್ಟಿದವನು. ಪಿಸ್ತೂಲಿನ ಮೇಲ್ಭಾಗವನ್ನೆಲ್ಲ ಮುಚ್ಚಿ ಹಿಂದೆ ಮುಂದೆ ಜಾರುವ ಉಕ್ಕಿನ ತೊಟ್ಟಿಲಿದೆಯಲ್ಲ, ಅದು ಅವನ ಕಲ್ಪನೆ. ಬಳಸುವವರು ಸ್ಲೈಡ್ ಎನ್ನುತ್ತಾರೆ. ನಾನು ಜಾರುಕವಚ ಎನ್ನುತ್ತೇನೆ.

ಹೀಗಾಗಿ ಪಿಸ್ತೂಲೆಂದರೆ ಮುಖ್ಯವಾಗಿ ಎರಡು ಭಾಗ. ಮೇಲೆ ಜಾರುಕವಚ, ಅದರೊಳಗೆ ನಳಿಗೆ. ಕೆಳಗೆ ನಾವು ಹಿಡಿಯುವ ಭಾಗ. ಟ್ರಿಗರ್, ಮ್ಯಾಗಜೀನ್ ಎಲ್ಲ ಅದರಲ್ಲೇ. ಇದನ್ನು ಒಡಲು ಎಂದು ಕರೆಯೋಣ. ಇವೆರಡರ ನಡುವೆ ಬಿಗಿಯಾದ ಒಂದು ಸ್ಪ್ರಿಂಗು. ಒಂದು ತುದಿ ಜಾರುಕವಚವನ್ನು ಮುಂದಕ್ಕೆ ತಳ್ಳುತ್ತಿರುತ್ತದೆ, ಇನ್ನೊಂದು ತುದಿ ಒಡಲಿಗೆ ಒರಗಿರುತ್ತದೆ. ಆ ಒರಗಿದ ತುದಿಯನ್ನು ಓದುಗರು ನೆನಪಿನಲ್ಲಿಡಬೇಕು. ಗುಟ್ಟೆಲ್ಲ ಅಲ್ಲಿದೆ.

ಹರಿಗೋಲಿನ ಲೆಕ್ಕ

ಹಂಪಿಯ ಹತ್ತಿರ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಒಂದು ಅನುಭವವಿರುತ್ತದೆ. ದಡ ಹತ್ತಿರವಾಯಿತೆಂದು ಅವಸರದಲ್ಲಿ ಹಾರಿದರೆ ನಾವು ಮುಂದಕ್ಕೆ, ಹರಿಗೋಲು ಹಿಂದಕ್ಕೆ. ನಾವು ಭಾರವಾಗಿದ್ದು ಹರಿಗೋಲು ಹಗುರವಾಗಿದ್ದರೆ ಅದು ಜೋರಾಗಿ ಹಿಂದೆ ಸರಿಯುತ್ತದೆ. ಹತ್ತು ಜನ ಕೂತ ಭಾರದ ಹರಿಗೋಲಾದರೆ ಸುಮ್ಮನೆ ಅಲುಗುತ್ತದೆ ಅಷ್ಟೆ. ಭಾರ ಎಷ್ಟು ಪಟ್ಟು ಹೆಚ್ಚೋ ವೇಗ ಅಷ್ಟು ಪಟ್ಟು ಕಡಿಮೆ. ನ್ಯೂಟನ್ ಹೇಳಿದ್ದು ಇದನ್ನೇ.

ಪೊಲೀಸರೂ ಸೈನಿಕರೂ ಹೆಚ್ಚಾಗಿ ಬಳಸುವ 9 ಎಂಎಂ ತೋಟಾ ತೆಗೆದುಕೊಳ್ಳಿ. ಗುಂಡಿನ ತೂಕ ಸುಮಾರು 8 ಗ್ರಾಂ, ಬಾಯಿ ಬಿಟ್ಟು ಹೊರಡುವಾಗ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಜಾರುಕವಚ ಮತ್ತು ನಳಿಗೆ ಸೇರಿ ಅರ್ಧ ಕಿಲೋ ಎಂದಿಟ್ಟುಕೊಳ್ಳೋಣ. ಅಂದರೆ ಗುಂಡಿಗಿಂತ ಅರವತ್ತು ಪಟ್ಟು ಭಾರ. ಹಾಗಾದರೆ ಅದು ಹಿಂದಕ್ಕೆ ಹೊರಡುವ ವೇಗ ಗುಂಡಿನ ವೇಗದ ಅರವತ್ತನೇ ಒಂದು ಪಾಲು: ಸೆಕೆಂಡಿಗೆ ಸುಮಾರು 6 ಮೀಟರ್. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಚುರುಕಾಗಿ ತುಳಿದ ಸೈಕಲ್ಲಿನ ವೇಗ.

ಇಡೀ ಯಂತ್ರಕ್ಕೆ ಸಿಕ್ಕಿದ ಕೂಲಿ ಇಷ್ಟೇ. ಅರ್ಧ ಕಿಲೋ ಉಕ್ಕು, ಸೈಕಲ್ ವೇಗ. ಬೇರೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಮುಂದಿನ ಕೆಲಸವೆಲ್ಲ ಈ ಒಂದು ನೂಕಿನಲ್ಲೇ ಮುಗಿಯಬೇಕು.

ಹೋಗಿ ಬರುವ ದಾರಿಯಲ್ಲಿ

ಗುಂಡು ಇನ್ನೂ ನಳಿಗೆಯಲ್ಲಿರುವಾಗ ಒಳಗೆ ಭಯಂಕರ ಒತ್ತಡ. ಆಗಲೇ ಹಿಂಬಾಗಿಲು ತೆರೆದರೆ ಹಿತ್ತಾಳೆಯ ತೋಟಾ ಸಿಡಿದು ಮುಖಕ್ಕೇ ಬಂದೀತು. ಅದಕ್ಕೆ ಬ್ರೌನಿಂಗ್ ನಳಿಗೆಯನ್ನೂ ಜಾರುಕವಚವನ್ನೂ ಹಲ್ಲುಗಳಿಂದ ಕಚ್ಚಿಸಿಟ್ಟ. ಎರಡೂ ಒಟ್ಟಿಗೆ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಬಿದ್ದು ಒತ್ತಡ ಇಳಿದಿರುತ್ತದೆ. ಆಗ ನಳಿಗೆಯ ಹಿಂತುದಿ ಕೆಳಕ್ಕೆ ಬಾಗಿ ಕಚ್ಚಿದ ಹಲ್ಲು ಬಿಡುತ್ತದೆ. ನಳಿಗೆ ಅಲ್ಲೇ ನಿಲ್ಲುತ್ತದೆ, ಜಾರುಕವಚ ಒಂಟಿಯಾಗಿ ಹಿಂದಕ್ಕೆ ಓಡುತ್ತದೆ.

ಓಡುತ್ತ ಅದು ಮಾಡುವ ಕೆಲಸ ಒಂದೆರಡಲ್ಲ. ಅದರ ಮೂತಿಯಲ್ಲಿರುವ ಸಣ್ಣ ಕೊಕ್ಕೆ ಖಾಲಿ ತೋಟಾದ ಅಂಚನ್ನು ಹಿಡಿದು, ಅದು ಕೂತಿದ್ದ ನಳಿಗೆಯ ಹಿಂತುದಿಯ ಗೂಡಿನಿಂದ ಹೊರಕ್ಕೆಳೆಯುತ್ತದೆ. ಹಿಂದಕ್ಕೆ ಬರುತ್ತಿರುವ ಆ ಖಾಲಿ ತೋಟಾದ ಬೆನ್ನಿಗೆ ಒಡಲಲ್ಲಿ ನೆಟ್ಟಿರುವ ಒಂದು ಮೊಳೆ ಢಿಕ್ಕಿ ಕೊಡುತ್ತದೆ; ತೋಟಾ ಪಲ್ಟಿ ಹೊಡೆದು ಪಕ್ಕದ ಕಿಂಡಿಯಿಂದ ಹೊರಗೆ ಹಾರುತ್ತದೆ. ಹಾಗೆಯೇ ಹಿಂದೆ ಸರಿದ ಜಾರುಕವಚ ಮುಂದಿನ ಗುಂಡಿಗಾಗಿ ಹೊಡೆಯುವ ಸುತ್ತಿಗೆಯನ್ನು ಮಡಚಿ ನಿಲ್ಲಿಸುತ್ತದೆ, ಸ್ಪ್ರಿಂಗನ್ನು ಅದುಮುತ್ತದೆ, ಮ್ಯಾಗಜೀನಿನ ಮೇಲ್ಗಡೆ ಕಾದು ನಿಂತ ಹೊಸ ತೋಟಾವನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ನಾಲ್ಕೈದು ಸೆಂಟಿಮೀಟರ್ ದಾರಿ. ಅಲ್ಲಿಂದ ಮುಂದಿನ ಪಾಳಿ ಸ್ಪ್ರಿಂಗಿನದು: ತಾನು ಕೂಡಿಟ್ಟುಕೊಂಡ ಬಲದಿಂದ ಜಾರುಕವಚವನ್ನು ಮುಂದೆ ದೂಡಿ, ಹೊಸ ತೋಟಾವನ್ನು ಗೂಡಿಗೆ ಸೇರಿಸಿ, ಬಾಗಿಲು ಹಾಕುತ್ತದೆ.

ಇಷ್ಟೆಲ್ಲಕ್ಕೂ ಹಿಡಿಯುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಷ್ಟು ಹೊತ್ತು.

ಊರಿನ ಬೋರ್‌ವೆಲ್ ಕೈಪಂಪನ್ನು ಒತ್ತಿದವರಿಗೆ ಈ ದಾರಿಯ ಬೆಲೆ ಗೊತ್ತಿರುತ್ತದೆ. ಹಿಡಿಯನ್ನು ಪೂರ್ತಿ ಮೇಲೆತ್ತಿ ಪೂರ್ತಿ ಕೆಳಗೆ ಒತ್ತಿದರೆ ನೀರು ದಬದಬ ಬೀಳುತ್ತದೆ. ಗಿಡ್ಡ ಗಿಡ್ಡವಾಗಿ ಆಡಿಸಿದರೆ ಕೀರಲು ಸದ್ದು ಬರುತ್ತದೆ, ಕೊಡ ತುಂಬುವುದಿಲ್ಲ. ಪಿಸ್ತೂಲೂ ಹಾಗೆ. ಪೂರ್ತಿ ಓಟ ಬೇಕು. ಮುಕ್ಕಾಲು ಓಟಕ್ಕೆ ಮುಕ್ಕಾಲು ಫಲವಿಲ್ಲ, ಫಲವೇ ಇಲ್ಲ.

ಮೇಜೇ ಜೊತೆಗೆ ಬಂದರೆ

ಈಗ ಒಂದು ಪ್ರಶ್ನೆ. ಜಾರುಕವಚ ನಾಲ್ಕೈದು ಸೆಂಟಿಮೀಟರ್ ಹಿಂದೆ ಹೋಗಬೇಕು ಎಂದೆನಲ್ಲ, ಎಲ್ಲಿಂದ ಅಳೆದ ಸೆಂಟಿಮೀಟರ್ ಅದು? ನೆಲದಿಂದಲ್ಲ, ಗೋಡೆಯಿಂದಲ್ಲ. ಒಡಲಿನಿಂದ.

ಮಳೆಗಾಲದಲ್ಲಿ ಹಳೆಯ ಮರದ ಮೇಜಿನ ಡ್ರಾಯರ್ ಉಬ್ಬಿ ಬಿಗಿಯಾಗಿರುತ್ತದೆ. ಒಂದೇ ಕೈಯಲ್ಲಿ ಜಗ್ಗಿ ನೋಡಿ. ಡ್ರಾಯರ್ ನಿಮ್ಮ ಕಡೆ ಬರುತ್ತದೆ, ನಿಜ. ಮೇಜೂ ಜೊತೆಗೇ ಬರುತ್ತದೆ. ಒಂದು ಗೇಣು ಎಳೆದಿರಿ, ಡ್ರಾಯರ್ ತೆರೆದದ್ದು ನಾಲ್ಕು ಬೆರಳು. ಇನ್ನೊಂದು ಕೈಯಲ್ಲಿ ಮೇಜನ್ನು ಒತ್ತಿ ಹಿಡಿದು ಅಷ್ಟೇ ಜೋರಾಗಿ ಎಳೆದರೆ ಗೇಣಿಗೆ ಗೇಣೂ ತೆರೆಯುತ್ತದೆ. ಎಳೆತ ಹೆಚ್ಚಾಗಲಿಲ್ಲ. ಆನಿಕೆ ಸಿಕ್ಕಿತು, ಅಷ್ಟೆ. ಅಡುಗೆಮನೆಯಲ್ಲಿ ತುರಿಮಣೆಯ ಮೇಲೆ ಕಾಲಿಟ್ಟು ಕೂರುವುದು ಯಾಕೆಂದುಕೊಂಡಿರಿ? ಮಣೆ ನಿಲ್ಲದಿದ್ದರೆ ಕಾಯಿ ತುರಿಯುವುದಿಲ್ಲ, ಮಣೆ ಕಾಯಿಯ ಜೊತೆ ಅಡುಗೆಮನೆ ಸುತ್ತುತ್ತದೆ.

ಜಾರುಕವಚವೇ ಡ್ರಾಯರ್. ಒಡಲೇ ಮೇಜು. ಜಾರುಕವಚ ಹಿಂದಕ್ಕೆ ಓಡುವಾಗ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಅದುಮಿಕೊಂಡ ಸ್ಪ್ರಿಂಗು ತಾನು ಒರಗಿದ ಒಡಲನ್ನೂ ಹಿಂದಕ್ಕೆ ನೂಕುತ್ತದೆ. ಸುತ್ತಿಗೆ ಮಡಚುವಾಗ ಇನ್ನಷ್ಟು ನೂಕು, ಉಜ್ಜಾಟದಿಂದ ಮತ್ತಷ್ಟು. ಒಡಲನ್ನು ಹಿಡಿದ ಕೈ ಗಟ್ಟಿಯಾಗಿದ್ದರೆ, ಆ ಕೈಯ ಹಿಂದೆ ಮಣಿಕಟ್ಟು ನೆಟ್ಟಗಿದ್ದರೆ, ಒಡಲಿಗೆ ಇಡೀ ತೋಳಿನ, ಹೆಗಲಿನ ಭಾರವೇ ಬೆನ್ನಾಗುತ್ತದೆ. ಅದು ಹೆಚ್ಚು ಕದಲುವುದಿಲ್ಲ. ಜಾರುಕವಚ ತನ್ನ ದಾರಿ ಪೂರೈಸುತ್ತದೆ.

ಮಣಿಕಟ್ಟು ಸಡಿಲವಾಗಿದ್ದರೆ? ನಳಿಗೆಯಿರುವುದು ಕೈಗಿಂತ ಮೇಲೆ. ಆದ್ದರಿಂದ ಒದೆತ ಪಿಸ್ತೂಲನ್ನು ಹಿಂದಕ್ಕೆ ನೂಕುವುದರ ಜೊತೆಗೆ ಮೂತಿಯನ್ನು ಮೇಲಕ್ಕೂ ತಿರುಗಿಸುತ್ತದೆ. ಸಡಿಲ ಮಣಿಕಟ್ಟು ಕೀಲಿನಂತೆ ಮಡಚಿಕೊಳ್ಳುತ್ತದೆ, ಒಡಲು ಜಾರುಕವಚದ ಬೆನ್ನು ಹತ್ತಿ ಹಿಂದಕ್ಕೆ ಓಡುತ್ತದೆ. ಗೋಡೆಯಿಂದ ನೋಡಿದವರಿಗೆ ಜಾರುಕವಚ ಬೇಕಾದಷ್ಟು ದೂರ ಹೋಯಿತು. ಒಡಲಿನಿಂದ ಅಳೆದರೆ ಹೋಗಲಿಲ್ಲ. ಸೈಕಲ್ಲಿನ ವೇಗದಲ್ಲಿ ಬಂದ ಕೂಲಿಯಲ್ಲಿ ಒಂದು ಪಾಲು, ಒಡಲನ್ನು ಸುಮ್ಮನೆ ಜೊತೆಗೆ ಎಳೆದೊಯ್ಯುವುದಕ್ಕೆ ಖರ್ಚಾಗಿಹೋಯಿತು.

ಇಂಗ್ಲಿಷಿನವರು ಇದನ್ನು ಲಿಂಪ್ ರಿಸ್ಟ್ ಎನ್ನುತ್ತಾರೆ. ನಾವು ಸಡಿಲ ಮಣಿಕಟ್ಟು ಎನ್ನೋಣ. ಕೈಗುಣದ ಬೀಗ ಬಿಚ್ಚುವುದು ಇಲ್ಲಿಯೇ: ಪಿಸ್ತೂಲಿನ ತಯಾರಕ ಡಬ್ಬದಲ್ಲಿ ಹಾಕಿ ಮಾರುವುದು ಪೂರ್ತಿ ಯಂತ್ರವನ್ನಲ್ಲ. ಮೇಜನ್ನು ಒತ್ತಿ ಹಿಡಿಯುವ ಆ ಇನ್ನೊಂದು ಕೈ, ಆ ಬಿಡಿಭಾಗ, ಕೊಂಡವನ ಮೈಯಲ್ಲಿದೆ.

ಚಿಮಣಿ

ಕುಂಟಿದ ಓಟ ಎಲ್ಲಿ ಕುಂಟಿತು ಎಂಬುದರ ಮೇಲೆ ಜಾಮ್ ಬೇರೆ ಬೇರೆ ವೇಷ ಹಾಕುತ್ತದೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು, ಖಾಲಿ ತೋಟಾ ಕಿಂಡಿಯಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಳ್ಳುವುದು. ನೋಡಲು ಥೇಟ್ ಒಲೆಯ ಹೊಗೆಕೊಳವೆ. ಮೊಳೆಗೆ ಢಿಕ್ಕಿ ಹೊಡೆದು ತೋಟಾ ಹಾರಬೇಕಾದರೆ ಆ ಢಿಕ್ಕಿಯಲ್ಲಿ ರಭಸವಿರಬೇಕು. ಮೊಳೆ ಇರುವುದು ಒಡಲಲ್ಲಿ, ಒಡಲೂ ಅದೇ ದಿಕ್ಕಿಗೆ ಓಡುತ್ತಿದೆ. ಒಂದೇ ಕಡೆಗೆ ಹೋಗುತ್ತಿರುವ ಎರಡು ಬಸ್ಸು ತಾಗಿದಂತೆ, ಪೆಟ್ಟು ನೀರಸ. ತೋಟಾ ಸೋಮಾರಿಯಾಗಿ ಮಗ್ಗುಲಾಗುತ್ತದೆ. ಅದು ಹೊರಗೆ ಕಾಲಿಡುವ ಮೊದಲೇ ಜಾರುಕವಚ ಮುಂದೆ ಬಂದು ಅಮುಕುತ್ತದೆ.

ಓಟ ಇನ್ನೂ ಗಿಡ್ಡವಾದರೆ ಜಾರುಕವಚ ಹೊಸ ತೋಟಾದ ಬೆನ್ನ ಹಿಂದಕ್ಕೆ ಹೋಗುವುದೇ ಇಲ್ಲ. ಅರ್ಧದಾರಿಯಿಂದ ಹಿಂದಿರುಗಿ ಖಾಲಿ ಗೂಡಿಗೆ ಬಾಗಿಲು ಹಾಕುತ್ತದೆ. ಮುಂದಿನ ಸಲ ಟ್ರಿಗರ್ ಎಳೆದರೆ ಬರೀ ಟಿಕ್. ಇನ್ನು ಕೆಲವು ಸಲ ಹಿಂದಕ್ಕೆ ಹೋಗುವುದೇನೋ ಹೋಯಿತು, ಸ್ಪ್ರಿಂಗು ಪೂರ್ತಿ ಅದುಮಿಕೊಳ್ಳದೆ ಮುಂದೆ ಬರುವಾಗ ಬಲ ಸಾಲದೆ, ತೋಟಾ ಗೂಡಿನ ಹೊಸ್ತಿಲಲ್ಲಿ ಮೂತಿ ತಗುಲಿಸಿಕೊಂಡು ನಿಲ್ಲುತ್ತದೆ. ಕೂಡಿಟ್ಟಷ್ಟನ್ನೇ ತಾನೆ ಸ್ಪ್ರಿಂಗು ಹಿಂದಿರುಗಿಸುವುದು.

ಯಾವ ವೇಷವಾದರೂ ಆಗ ಮಾಡಬೇಕಾದ ಮೊದಲ ಕೆಲಸ ಒಂದೇ: ಬೆರಳು ಟ್ರಿಗರಿನಿಂದ ಆಚೆ, ಮೂತಿ ಗುರಿಯ ಕಡೆಗೇ. ಏನಾಯಿತೆಂದು ತಿರುಗಿಸಿ ನಳಿಗೆಯೊಳಗೆ ಇಣುಕುವವರಿಗೆ ಯಾವ ವಿಜ್ಞಾನವೂ ಸಹಾಯಕ್ಕೆ ಬಾರದು.

ಕೈಗೆ ಗೊತ್ತಾಗುವ ಮೊದಲೇ

"ಒದೆಯುವಾಗ ಗಟ್ಟಿಯಾಗಿ ಹಿಡಿದರಾಯಿತು" ಎಂದುಕೊಳ್ಳುವವರಿದ್ದಾರೆ. ಆಗುವುದಿಲ್ಲ. ಯಾಕೆಂದು ಲೆಕ್ಕ ಹಾಕೋಣ.

ಸುತ್ತಿಗೆ ಬಿದ್ದು ಮದ್ದು ಹೊತ್ತಿದ ಮೇಲೆ ಗುಂಡು ನಳಿಗೆ ಬಿಡುವುದಕ್ಕೆ ಬೇಕಾದದ್ದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅರ್ಧದಷ್ಟು. ಜಾರುಕವಚ ಹೋಗಿ ಬರುವುದಕ್ಕೆ, ಆಗಲೇ ಹೇಳಿದಂತೆ, ಸೆಕೆಂಡಿನ ಇಪ್ಪತ್ತನೇ ಒಂದು ಪಾಲು. ನಮ್ಮ ಮೈ ಏನನ್ನಾದರೂ ಅರಿತು ಬೇಕೆಂದೇ ಸ್ನಾಯು ಬಿಗಿಯಲು ಸೆಕೆಂಡಿನ ಐದನೇ ಒಂದು ಪಾಲಾದರೂ ಬೇಕು. ಅಂದರೆ ಕೈ ಎಚ್ಚೆತ್ತು ಬಿಗಿಯಾಗುವ ಹೊತ್ತಿಗೆ ಗುಂಡು ಗುರಿ ಸೇರಿ, ಖಾಲಿ ತೋಟಾ ನೆಲಕ್ಕೆ ಬೀಳುತ್ತಾ, ಹೊಸ ತೋಟಾ ಗೂಡಿನಲ್ಲಿ ಕೂತಿರುತ್ತದೆ. ಅಥವಾ ಚಿಮಣಿ ಎದ್ದು ನಿಂತಿರುತ್ತದೆ. ಎರಡರಲ್ಲಿ ಯಾವುದೆಂದು ತೀರ್ಮಾನವಾದದ್ದು ಟ್ರಿಗರ್ ಎಳೆಯುವ ಮೊದಲು ಕೈ ಹೇಗಿತ್ತೋ ಅದರಿಂದ.

ಹೊಸಬರ ತೊಂದರೆ ಇರುವುದು ಇಲ್ಲೇ. ಸದ್ದಿಗೂ ಒದೆತಕ್ಕೂ ಹೆದರಿ, ಟ್ರಿಗರ್ ಎಳೆಯುವ ಕ್ಷಣದಲ್ಲಿ ಕೈ ತಾನಾಗಿ ಹಿಂಜರಿಯುತ್ತದೆ. ಪಟಾಕಿಯ ಬತ್ತಿಗೆ ಬೆಂಕಿ ಮುಟ್ಟಿಸುವಾಗ ಹುಡುಗರ ಮೈ ಹಿಂದಕ್ಕೆ ವಾಲಿರುತ್ತದಲ್ಲ, ಹಾಗೆ. ಹಿಡಿತ ಬೇಕಾದ ಆ ಒಂದೇ ಗಳಿಗೆಯಲ್ಲಿ ಹಿಡಿತ ಇರುವುದಿಲ್ಲ.

ಹಿಡಿಯುವ ಬಗೆ

ಇಷ್ಟು ತಿಳಿದ ಮೇಲೆ ಉಸ್ತಾದರು ಹೇಳುವ ಒಂದೊಂದು ಮಾತಿಗೂ ಕಾರಣ ನಮಗೇ ಹೊಳೆಯುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದನ್ನು ಹಿಡಿಯ ಹಿಂಭಾಗದಲ್ಲಿ ಸಾಧ್ಯವಾದಷ್ಟು ಮೇಲಕ್ಕೆ ಒತ್ತಿ ಕೂರಿಸಿ ಎನ್ನುತ್ತಾರೆ. ಕೈ ಮೇಲಕ್ಕೆ ಹೋದಷ್ಟೂ ನಳಿಗೆಗೆ ಹತ್ತಿರ. ಹತ್ತಿರವಾದಷ್ಟೂ ಮೂತಿಯನ್ನು ಮೇಲೆತ್ತುವ ಸನ್ನೆಗೋಲು ಗಿಡ್ಡ. ಮಣಿಕಟ್ಟು ನೆಟ್ಟಗಿರಲಿ, ಪಿಸ್ತೂಲು ಮುಂಗೈಯ ನೇರಕ್ಕೇ ಇರಲಿ ಎನ್ನುತ್ತಾರೆ: ಗುದ್ದಲಿಯ ಕಾವು ನೆಟ್ಟಗಿದ್ದರೆ ಪೆಟ್ಟು ತೋಳಿಗೆ ಹೋಗುತ್ತದೆ, ಓರೆಯಾದರೆ ಮಣಿಕಟ್ಟಿಗೆ. ಎರಡನೇ ಕೈಯಿಂದ ಮೊದಲ ಕೈಯ ಬೆರಳುಗಳನ್ನು ಅಪ್ಪಿ ಹಿಡಿಯಿರಿ ಎನ್ನುತ್ತಾರೆ. ಇದು ನೇರವಾಗಿ ಮೇಜಿಗೆ ಒತ್ತಿದ ಕೈ.

ಆಶ್ಚರ್ಯವೆಂದರೆ ಈ ಎರಡನೇ ಕೈ ಬಂದದ್ದು ಬಹಳ ತಡವಾಗಿ. ಇಪ್ಪತ್ತನೇ ಶತಮಾನದ ಅರ್ಧ ಕಳೆಯುವವರೆಗೂ ಸೈನ್ಯದಲ್ಲೂ ಪೊಲೀಸಿನಲ್ಲೂ ಪಿಸ್ತೂಲನ್ನು ಒಂದೇ ಕೈಯಲ್ಲಿ, ಪಕ್ಕಕ್ಕೆ ತಿರುಗಿ ನಿಂತು ಹೊಡೆಯುವುದೇ ಪದ್ಧತಿ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಎಂಬಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಜ್ಯಾಕ್ ವೀವರ್ ಎಂಬ ಪೊಲೀಸನೊಬ್ಬ ಎರಡೂ ಕೈ ಹಚ್ಚಿ, ಕಣ್ಣ ಮಟ್ಟಕ್ಕೆ ಎತ್ತಿ ಹೊಡೆದು ಗೆಲ್ಲತೊಡಗಿದ. ಅವನು ಹೊಡೆಯುತ್ತಿದ್ದದ್ದು ರಿವಾಲ್ವರಿನಲ್ಲಿ. ಅವನಿಗೆ ಬೇಕಾಗಿದ್ದದ್ದು ಗುರಿ. ಪಂದ್ಯಗಳನ್ನು ನಡೆಸುತ್ತಿದ್ದ ಜೆಫ್ ಕೂಪರ್ ಅದನ್ನು ಬರೆದು, ಕಲಿಸಿ, ಜಗತ್ತಿಗೆ ಹಬ್ಬಿಸಿದ. ಪಿಸ್ತೂಲಿನ ಓಟಕ್ಕೂ ಅದೇ ಒಳ್ಳೆಯದಾದದ್ದು ಕೊಸರು.

ಹಾಗೆಂದು ಉಸಿರು ಕಟ್ಟಿ ಹಿಸುಕಬೇಕಾಗಿಲ್ಲ. ಹಿಸುಕಿದರೆ ಕೈ ನಡುಗುತ್ತದೆ, ಗುರಿ ಕೆಡುತ್ತದೆ. ಸುತ್ತಿಗೆ ಹಿಡಿದ ಬಡಗಿಯ ಕೈ ನೋಡಿ; ಬಿಗಿಯಿದೆ, ಸೆಡೆತವಿಲ್ಲ. ಹಿಡಿತದ ಆವೇಶದಲ್ಲಿ ಹೆಬ್ಬೆರಳು ಜಾರುಕವಚಕ್ಕೇ ತಾಗಿದರೆ ಅದೂ ಬ್ರೇಕು ಹಾಕಿದಂತೆ. ಅದರ ಪಕ್ಕದ ಚಿಲಕದ ಮೇಲೆ ಒತ್ತಿದರೆ ಕೊನೆಯ ಗುಂಡಿನ ಬಳಿಕ ತೆರೆದು ನಿಲ್ಲಬೇಕಾದ ಪಿಸ್ತೂಲು ಮುಚ್ಚಿಕೊಳ್ಳುತ್ತದೆ. ಮತ್ತೆ ಬೈಗುಳ ಪಿಸ್ತೂಲಿಗೇ.

ನಮ್ಮ ಸಿನಿಮಾ ನಾಯಕರು ಪಿಸ್ತೂಲನ್ನು ಅಡ್ಡ ಮಲಗಿಸಿ, ಮಣಿಕಟ್ಟು ಬಳುಕಿಸಿ ಹೊಡೆಯುತ್ತಾರೆ. ಒಮ್ಮೆಯೂ ಜಾಮ್ ಆಗುವುದಿಲ್ಲ. ಅವರ ಕೈಗುಣ ಬೇರೆ.

ಹಗುರಾದಷ್ಟೂ ನಾಜೂಕು

1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಎರಡು ಪಿಸ್ತೂಲುಗಳನ್ನು ಎದುರುಬದುರು ಕೂರಿಸಿ ಪರೀಕ್ಷೆ ನಡೆಸಿತು. ಒಂದು ಬ್ರೌನಿಂಗ್ ರೂಪಿಸಿದ ಕೋಲ್ಟ್, ಇನ್ನೊಂದು ಸ್ಯಾವೇಜ್ ಕಂಪನಿಯದು. ಒಂದೊಂದರಿಂದಲೂ 6,000 ಗುಂಡು. ಕಾದು ಮುಟ್ಟಲಾಗದಂತಾದಾಗ ಬಕೆಟ್ಟಿನ ನೀರಿನಲ್ಲಿ ಅದ್ದಿ ಮತ್ತೆ ಹೊಡೆದರು. ಸ್ಯಾವೇಜ್ 37 ಸಲ ತಡವರಿಸಿತು. ಕೋಲ್ಟ್ ಒಮ್ಮೆಯೂ ಇಲ್ಲ. ಅದೇ ತಿಂಗಳ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು. ಮುಂದಿನ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯ ಸೈನಿಕರ ಸೊಂಟದಲ್ಲಿದ್ದದ್ದು ಅದೇ.

ಆ ಪಿಸ್ತೂಲು ಪೂರ್ತಿ ಉಕ್ಕಿನದು, 1.1 ಕಿಲೋ ತೂಕ. ಇದು ಅದರ ಪುಣ್ಯ. ಒಡಲೇ ಭಾರವಾಗಿದ್ದರೆ ಕೈ ಸ್ವಲ್ಪ ಸೋತರೂ ಒಡಲು ತನ್ನ ಜಡತ್ವದಿಂದಲೇ ನಿಲ್ಲುತ್ತದೆ. ತೇಗದ ದೊಡ್ಡ ಮೇಜಿಗೆ ಇನ್ನೊಂದು ಕೈ ಹಚ್ಚಬೇಕಾಗಿಲ್ಲ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ 17 ಬಂದ ಮೇಲೆ ಪ್ಲಾಸ್ಟಿಕ್ಕಿನ ಒಡಲಿನ ಕಾಲ ಶುರುವಾಯಿತು. ತೂಕ ಕೋಲ್ಟಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಭಾರವೆಲ್ಲ ಮೇಲಿನ ಉಕ್ಕಿನಲ್ಲಿ, ಕೆಳಗೆ ಹಗುರ. ದಿನವಿಡೀ ಹೊತ್ತು ತಿರುಗುವ ಪೊಲೀಸರ ಸೊಂಟಕ್ಕೆ ಸುಖ. ಆದರೆ ಬೆತ್ತದ ಮೇಜಿನಂತೆ, ಆನಿಕೆಯನ್ನು ಕೈಯಿಂದ ಹೆಚ್ಚು ಕೇಳುತ್ತದೆ. ಇನ್ನೂ ಒಂದು ತಮಾಷೆಯಿದೆ. 17 ತೋಟಾಗಳ ತೂಕ ಸುಮಾರು 200 ಗ್ರಾಂ, ಅದು ಇರುವುದು ಹಿಡಿಯೊಳಗೆ. ಹೊಡೆಯುತ್ತ ಹೋದಂತೆ ಒಡಲು ಹಗುರವಾಗುತ್ತ ಹೋಗುತ್ತದೆ. ಕೊನೆಕೊನೆಯ ಗುಂಡುಗಳಿಗೆ ಕೈಯ ಹೊಣೆ ಜಾಸ್ತಿ, ದಣಿವೂ ಜಾಸ್ತಿ.

ಜೇಬಿಗಿಳಿಯುವ ಪುಟ್ಟ ಪಿಸ್ತೂಲುಗಳ ಪಾಡು ಇನ್ನೂ ಬಿಗಿ. ಓಡಲು ದಾರಿ ಗಿಡ್ಡ, ಸ್ಪ್ರಿಂಗು ಗಡುಸು, ಒಡಲು ಹಗುರ, ಹಿಡಿಯಲು ಎರಡೂವರೆ ಬೆರಳಿಗೆ ಜಾಗ. ಶಕ್ತಿ ಕಡಿಮೆಯಿರುವವರಿಗೆ ಚಿಕ್ಕದು ಸಾಕು ಎಂದು ಅದನ್ನೇ ಕೈಗಿಡುವ ಅಭ್ಯಾಸ ಎಲ್ಲ ಕಡೆ ಇದೆ. ನನಗದು ತಲೆಕೆಳಗಾದ ಸಲಹೆಯಾಗಿ ಕಾಣುತ್ತದೆ.

ನಮ್ಮ ಸೇನೆಯೂ ಪೊಲೀಸರೂ ದಶಕಗಳ ಕಾಲ ಬಳಸಿದ 9 ಎಂಎಂ ಪಿಸ್ತೂಲು ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದೂ ಬ್ರೌನಿಂಗ್ ವಂಶದ್ದೇ. ಅವನು ಶುರುಮಾಡಿ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ದ್ಯುದೊನೆ ಸೇವ್ ಪೂರ್ತಿಗೊಳಿಸಿ 1935ರಲ್ಲಿ ಹೊರಬಂದ ಹೈ ಪವರ್‌ನ ತಳಿ. ಉಕ್ಕಿನ ಒಡಲು.

ರಿವಾಲ್ವರಿಗೆ ಈ ಕಾಯಿಲೆಯೇ ಇಲ್ಲ. ಅದರ ಉರುಳೆಯನ್ನು ತಿರುಗಿಸುವುದು ನಮ್ಮ ಬೆರಳು. ಒದೆತಕ್ಕೆ ಅಲ್ಲಿ ಯಾವ ನೌಕರಿಯೂ ಇಲ್ಲ.

ಯಾರ ತಪ್ಪು?

ಕೈಯೂ ಕಾರಣ ಎಂದ ಮಾತ್ರಕ್ಕೆ ಕೈಯೇ ಕಾರಣ ಎಂದಲ್ಲ. "ನಿನ್ನ ಹಿಡಿತ ಸರಿಯಿಲ್ಲ" ಎನ್ನುವುದು ಕಲಿಸುವವರಿಗೂ ಮಾರುವವರಿಗೂ ಬಲು ಸುಲಭದ ಉತ್ತರ. ಮ್ಯಾಗಜೀನಿನ ತುಟಿ ಕೊಂಚ ಬಾಗಿದ್ದರೆ, ಅದರ ಸ್ಪ್ರಿಂಗು ಸೋತಿದ್ದರೆ ತೋಟಾ ಸರಿಯಾದ ಎತ್ತರಕ್ಕೆ ಬರುವುದಿಲ್ಲ. ಕೊಕ್ಕೆ ಸವೆದಿದ್ದರೆ ಖಾಲಿ ತೋಟಾ ಜಾರಿಹೋಗುತ್ತದೆ. ಮದ್ದು ಕಡಿಮೆಯಿರುವ ತೋಟಾ ಸಾಕಷ್ಟು ಒದೆಯುವುದೇ ಇಲ್ಲ. ಒಣಗಿದ ಎಣ್ಣೆ, ಮಸಿ, ಧೂಳು ದಾರಿಯಲ್ಲಿ ಉಜ್ಜುತ್ತವೆ. ಎಲ್ಲದರ ಫಲವೂ ಒಂದೇ, ಗಿಡ್ಡ ಓಟ. ಹೀಗಾಗಿ ಜಾಮ್ ಆದ ತೋಟಾವನ್ನು ನೋಡಿ ಮಾತ್ರ ಅಪರಾಧಿ ಯಾರೆಂದು ಹೇಳಲು ಬರುವುದಿಲ್ಲ.

ಕಂಡುಹಿಡಿಯುವ ದಾರಿ, ಅಡುಗೆ ಕೆಟ್ಟಾಗ ಹುಡುಕುವ ದಾರಿಯೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡುವುದು. ಮ್ಯಾಗಜೀನುಗಳಿಗೆ ನಂಬರು ಬರೆದಿಡಿ. ಜಾಮ್ ಆದಾಗಲೆಲ್ಲ 2ನೇ ನಂಬರಿನದೇ ಇದ್ದರೆ ಕಳ್ಳ ಅದೇ. ಬೇರೆ ಡಬ್ಬದ ತೋಟಾ ಹಾಕಿದೊಡನೆ ಸರಿಹೋದರೆ ತಪ್ಪು ತೋಟಾದ್ದು. ಎಲ್ಲ ಹಾಗೇ ಇದ್ದು ಕೈ ಬದಲಾದಾಗ ಮಾತ್ರ ಸರಿಹೋದರೆ, ಆಗ ಮಣಿಕಟ್ಟಿನ ಮಾತು ಎತ್ತಬಹುದು. ಆರಂಭದಲ್ಲಿ ಉಸ್ತಾದರು ಮಾಡಿದ್ದು ಈ ಕೊನೆಯ ಪ್ರಯೋಗವನ್ನೇ, ಆದರೆ ಅಲ್ಲಿಗೇ ನಿಲ್ಲಿಸಿದರು. ಎರಡು ಕಾರಣ ಒಟ್ಟಿಗೂ ಇರಬಹುದಲ್ಲ! ಕೊಂಚ ಸೋತ ತೋಟಾ, ಕೊಂಚ ಒಣಗಿದ ಎಣ್ಣೆ. ಗಟ್ಟಿ ಕೈಯಲ್ಲಿ ಇವು ಮುಚ್ಚಿಹೋಗುತ್ತವೆ, ಸಡಿಲ ಕೈಯಲ್ಲಿ ಬಯಲಾಗುತ್ತವೆ. ಗಟ್ಟಿ ಕೈಯಲ್ಲಿ ಮಾತ್ರ ಓಡುವ ಪಿಸ್ತೂಲನ್ನು ನಾನು ಒಳ್ಳೆಯ ಪಿಸ್ತೂಲು ಎನ್ನಲಾರೆ. ಪೊಲೀಸನ ಬಲಗೈಗೆ ಗಾಯವಾಗಿ, ಎಡಗೈಯೊಂದರಲ್ಲೇ ಹೊಡೆಯಬೇಕಾಗಿ ಬರುವ ದಿನ ಅವನಿಗೆ ಎರಡೂ ಕೈಯ ಆನಿಕೆ ಎಲ್ಲಿಂದ ಬರಬೇಕು?

ಯಂತ್ರದ ತಪ್ಪು ಯಾವುದು, ಮನುಷ್ಯನ ತಪ್ಪು ಯಾವುದು ಎಂಬ ಈ ತಕರಾರಿಗೆ ಬರವಣಿಗೆಯಲ್ಲೇ ಉತ್ತರ ಕೊಟ್ಟಿರುವ ಒಂದು ಕಡೆಯಿದೆ, ಒಲಿಂಪಿಕ್ಸ್. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆ, 2012ರಲ್ಲಿ ಲಂಡನ್ನಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಒಂದೇ ಕೈಯಲ್ಲಿ ಹಿಡಿದು ಐದು ಗುರಿಗಳಿಗೆ ಐದು ಗುಂಡು. ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ. ಬಳಸುವುದು ಒದೆತ ಕಡಿಮೆಯಿರುವ ಪಾಯಿಂಟ್ 22ರ ತೋಟಾ. ನಡುವೆ ಪಿಸ್ತೂಲು ನಿಂತುಹೋದರೆ ಸ್ಪರ್ಧಿ ಮೂತಿಯನ್ನು ಗುರಿಯ ಕಡೆಗೇ ಇಟ್ಟು ಇನ್ನೊಂದು ಕೈ ಎತ್ತಬೇಕು. ಅಧಿಕಾರಿ ಬಂದು ಪಿಸ್ತೂಲನ್ನು ನೋಡುತ್ತಾನೆ. ಖಾಲಿ ತೋಟಾ ಹೊರಗೆ ಬಾರದೆ ಸಿಕ್ಕಿಕೊಂಡಿದ್ದರೆ ಅದು ಯಂತ್ರದ ಲೆಕ್ಕ. ಆ ಐದು ಗುಂಡುಗಳನ್ನು ಮತ್ತೆ ಹೊಡೆಯಲು ಬಿಡುತ್ತಾರೆ. ಮ್ಯಾಗಜೀನ್ ಸರಿಯಾಗಿ ಕೂರಿಸಿರಲಿಲ್ಲ, ಟ್ರಿಗರನ್ನು ಮುಂದಕ್ಕೆ ಪೂರ್ತಿ ಬಿಟ್ಟಿರಲಿಲ್ಲ, ಅಥವಾ ಸ್ಪರ್ಧಿ ತಾನೇ ಸರಿಪಡಿಸಿಕೊಳ್ಳಬಹುದಾಗಿದ್ದ ಇನ್ನಾವುದೋ ಕಾರಣ ಎಂದು ಕಂಡುಬಂದರೆ ಅದು ಸ್ಪರ್ಧಿಯ ಲೆಕ್ಕ. ಹಾರದೆ ಉಳಿದ ಒಂದೊಂದು ಗುಂಡಿಗೂ ಸೊನ್ನೆ ಬರೆಯುತ್ತಾರೆ.